ಒಂದು ಕೌಂಟಿ, ಹಲವು ಲೆಕ್ಕ: ಅಮೆರಿಕದ ಜನಸಂಖ್ಯೆಯ ಮಾಹಿತಿಯಲ್ಲಿ ಯಾವುದನ್ನು ಯಾವಾಗ ನಂಬಬೇಕು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಎಷ್ಟು ಜನ ಇದ್ದಾರೆ ಎಂದು ಹುಡುಕಿದರೆ ಒಂದೇ ಉತ್ತರ ಸಿಗುವುದಿಲ್ಲ. 2020ರ ಜನಗಣತಿಯ ಪ್ರಕಾರ 19,36,259. ಆ ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋವೇ ಪ್ರತಿ ವರ್ಷ ಹೊರಡಿಸುವ ಅಂದಾಜು ಬೇರೆ, ಅದರ ಸಮೀಕ್ಷೆಯ ಸಂಖ್ಯೆ ಬೇರೆ, ರಾಜ್ಯದ ಹಣಕಾಸು ಇಲಾಖೆಯ ಸಂಖ್ಯೆ ಇನ್ನೊಂದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ದಿನದ ಲೆಕ್ಕ, ಯಾರನ್ನು ಎಣಿಸಬೇಕು ಎಂಬ ನಿಯಮವೂ ಬೇರೆ. ಕೌಂಟಿಯ ವಯಸ್ಸು, ಜನಾಂಗ, ಭಾಷೆ, ಆದಾಯದ ಬಗ್ಗೆ ಬರೆಯುವವರು, ಕನ್ನಡ ಶಾಲೆಗೆ ಜಾಗ ಹುಡುಕುವ ಕೂಟದವರು, ಊರು ಬದಲಿಸುವ ಮುಂಚೆ ನೆರೆಹೊರೆ ನೋಡುವವರು, ಎಲ್ಲರೂ ಎಡವುವುದು ಇಲ್ಲೇ: ಮೊದಲು ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಎತ್ತಿಕೊಂಡು, ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ನೋಡುವುದಿಲ್ಲ.

ತಲೆ ಎಣಿಕೆ ಬೇಕಿದ್ದರೆ: ಜನಗಣತಿಯೋ, ವಾರ್ಷಿಕ ಅಂದಾಜೋ?

ಜನಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಅದರ ಲೆಕ್ಕ ಏಪ್ರಿಲ್ 1ರದು, ಎಣಿಸುವುದು ಎಲ್ಲರನ್ನೂ. ಆದರೆ ಕೇಳುವುದು ಬಹಳ ಕಡಿಮೆ: ವಯಸ್ಸು, ಲಿಂಗ, ಜನಾಂಗ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ) ಮೂಲ, ಮನೆಯ ಯಜಮಾನರಿಗೆ ಏನಾಗಬೇಕು, ಮನೆ ಸ್ವಂತದ್ದೋ ಬಾಡಿಗೆಯದ್ದೋ. ಆದಾಯ, ಓದು, ಭಾಷೆ, ಹುಟ್ಟಿದ ದೇಶ ಇವುಗಳ ಪ್ರಶ್ನೆಯೇ ಇಲ್ಲ. ಅವನ್ನೆಲ್ಲ ಕೇಳುತ್ತಿದ್ದ ಉದ್ದದ ನಮೂನೆ 2000ಕ್ಕೇ ಮುಗಿಯಿತು. ಆದ್ದರಿಂದ ‘2020ರ ಜನಗಣತಿಯ ಪ್ರಕಾರ ಈ ಕೌಂಟಿಯ ಸರಾಸರಿ ಆದಾಯ ಇಷ್ಟು’ ಎಂಬ ವಾಕ್ಯ ಎಲ್ಲೇ ಕಂಡರೂ ಅದು ತಪ್ಪು ಎಂದೇ ತಿಳಿಯಬಹುದು.

ವಾರ್ಷಿಕ ಅಂದಾಜು ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಒಂದು ಆಧಾರ ಸಂಖ್ಯೆ ಇಟ್ಟುಕೊಂಡು ಅದಕ್ಕೆ ಜನನ ಕೂಡಿಸಿ, ಮರಣ ಕಳೆದು, ವಲಸೆ ಸೇರಿಸುತ್ತದೆ. ದೇಶದೊಳಗಿನ ವಲಸೆ ತಿಳಿಯಲು ಮುಖ್ಯವಾಗಿ ಆದಾಯ ತೆರಿಗೆ ವಿವರಗಳಲ್ಲಿ ಬದಲಾದ ವಿಳಾಸ ನೋಡುತ್ತಾರೆ, ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ದಾಖಲೆ. ಇದರ ಲೆಕ್ಕ ಜುಲೈ 1ರದು. ಈಗ ಕೌಂಟಿಯಲ್ಲಿ ಎಷ್ಟು ಜನ, ಏರುತ್ತಿದೆಯೋ ಇಳಿಯುತ್ತಿದೆಯೋ, ಇಳಿದಿದ್ದರೆ ಸಾವಿನಿಂದಲೋ ಊರು ಬಿಟ್ಟವರಿಂದಲೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಮೂಲ ಇಲ್ಲ. ಯಾಕೆಂದರೆ ಏರಿಳಿತದ ಒಂದೊಂದು ಕಾರಣವನ್ನೂ ಬೇರೆ ಬೇರೆ ಕಾಲಂನಲ್ಲಿ ಕೊಡುತ್ತಾರೆ.

ಇಲ್ಲಿ ತಪ್ಪಾಗುವ ಜಾಗ ಒಂದೇ, ಆದರೆ ಬಹಳ ಸಾಮಾನ್ಯ. ಪ್ರತಿ ವರ್ಷದ ಬಿಡುಗಡೆಗೆ ‘ವಿಂಟೇಜ್’ ಎನ್ನುತ್ತಾರೆ. ಹೊಸ ವಿಂಟೇಜ್ ಬಂದಾಗ 2020ರಿಂದ ಈಚಿನ ಎಲ್ಲ ವರ್ಷಗಳನ್ನೂ ಮತ್ತೆ ಲೆಕ್ಕ ಹಾಕಿರುತ್ತಾರೆ. 2024ರ ವಿಂಟೇಜ್‌ನಲ್ಲಿ ವಿದೇಶಿ ವಲಸೆಯನ್ನು ಎಣಿಸುವ ವಿಧಾನವನ್ನೇ ತಿದ್ದಿದ್ದರಿಂದ ವಲಸಿಗರು ಹೆಚ್ಚಿರುವ ಕೌಂಟಿಗಳ ಹಿಂದಿನ ವರ್ಷಗಳ ಸಂಖ್ಯೆಯೂ ಬದಲಾಯಿತು. ಹಳೆಯ ಫೈಲಿನ 2023ನ್ನೂ ಹೊಸ ಫೈಲಿನ 2024ನ್ನೂ ಪಕ್ಕಪಕ್ಕ ಇಟ್ಟು ‘ಒಂದೇ ವರ್ಷದಲ್ಲಿ ಇಷ್ಟು ಏರಿತು’ ಎಂದರೆ ಅದರಲ್ಲಿ ಅರ್ಧ ಏರಿಕೆ ಬರೀ ವಿಧಾನದ್ದಾಗಿರಬಹುದು. ಎರಡೂ ವರ್ಷಗಳನ್ನು ಒಂದೇ ವಿಂಟೇಜ್‌ನಿಂದ ತೆಗೆಯಿರಿ.

ಕ್ಯಾಲಿಫೋರ್ನಿಯಾದ ಹಣಕಾಸು ಇಲಾಖೆಯ ಲೆಕ್ಕ ಜನವರಿ 1ರದು. ರಾಜ್ಯದ ಕಾನೂನು, ಅನುದಾನದ ಕೆಲಸಕ್ಕೆ ಅದನ್ನೇ ಕೇಳಿದರೆ ಅದನ್ನೇ ಕೊಡಿ. ಬೇರೆ ರಾಜ್ಯದ ಕೌಂಟಿಯ ಜೊತೆ ಹೋಲಿಸುವಾಗ ಮಾತ್ರ ಅದನ್ನು ಬಳಸಬೇಡಿ.

2020ರ ಜನಗಣತಿಯ ಕೊರತೆಯೂ ಗೊತ್ತಿರಲಿ. ಬ್ಯೂರೋ ತಾನೇ ಆಮೇಲೆ ನಡೆಸಿದ ಪರಿಶೀಲನಾ ಸಮೀಕ್ಷೆಯ ಪ್ರಕಾರ, ದೇಶದ ಮಟ್ಟದಲ್ಲಿ ಹಿಸ್ಪಾನಿಕ್ ಜನರಲ್ಲಿ ಶೇ 4.99ರಷ್ಟು ಎಣಿಕೆ ತಪ್ಪಿದೆ, ಕಪ್ಪು ಜನರಲ್ಲಿ ಶೇ 3.30. ಏಷ್ಯನ್ನರು ಶೇ 2.62ರಷ್ಟು ಹೆಚ್ಚಾಗಿಯೇ ಎಣಿಕೆಯಾಗಿದ್ದಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 2.79 ಬಿಟ್ಟುಹೋಗಿದೆ. ಇದನ್ನು ಕೌಂಟಿವಾರು ಕೊಟ್ಟಿಲ್ಲ, ಹಾಗಾಗಿ ಈ ಶೇಕಡಾವಾರನ್ನು ಒಂದು ಕೌಂಟಿಯ ಸಂಖ್ಯೆಗೆ ಗುಣಿಸಿ ‘ಸರಿಪಡಿಸುವುದು’ ಸಲ್ಲದು. ಜೊತೆಗೆ, ಖಾಸಗಿತನ ಕಾಯಲು 2020ರ ಅಂಕಿಗಳಲ್ಲಿ ಬೇಕೆಂದೇ ಸಣ್ಣ ಏರುಪೇರು ಬೆರೆಸಿದ್ದಾರೆ. ಜನರ ಎಣಿಕೆಗಳಲ್ಲಿ ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾರೆ. ಸಾಂಟಾ ಕ್ಲಾರಾದಂಥ ಕೌಂಟಿಗೆ ಇದು ಲೆಕ್ಕಕ್ಕೇ ಬಾರದಷ್ಟು. ಒಂದು ಬೀದಿ ಚೌಕದ (ಬ್ಲಾಕ್) ಮಟ್ಟಕ್ಕೆ ಇಳಿದರೆ ಮಾತ್ರ ಅರ್ಥವೇ ಇಲ್ಲದ ಸಂಖ್ಯೆಗಳು ಸಿಗುತ್ತವೆ. ಬ್ಲಾಕ್‌ಗಳನ್ನು ಒಟ್ಟು ಸೇರಿಸಿ ನೋಡಿ, ಒಂದೊಂದನ್ನೇ ಓದಬೇಡಿ.

ಸಮಾಜದ ಚಿತ್ರ ಬೇಕಿದ್ದರೆ: ಒಂದು ವರ್ಷದ ಎಸಿಎಸ್ಸೋ, ಐದು ವರ್ಷದ್ದೋ?

ಓದು, ಆದಾಯ, ಭಾಷೆ, ಹುಟ್ಟೂರು, ಮನೆ ಬಾಡಿಗೆ, ಕೆಲಸಕ್ಕೆ ಹೋಗುವ ಬಗೆ ಇದೆಲ್ಲ ಇರುವುದು ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ. ಎಲ್ಲರೂ ಎಸಿಎಸ್ ಎಂದೇ ಕರೆಯುತ್ತಾರೆ. 2005ರಿಂದ ದೇಶಾದ್ಯಂತ ನಡೆಯುತ್ತಿದೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ. ಇದು ಮಾದರಿ ಸಮೀಕ್ಷೆ, ಎಲ್ಲರ ಎಣಿಕೆಯಲ್ಲ. ಒಟ್ಟು ಜನಸಂಖ್ಯೆಗೆ ಇದನ್ನು ಬಳಸಬೇಡಿ ಎಂದು ಬ್ಯೂರೋವೇ ಹೇಳುತ್ತದೆ. ಕೌಂಟಿಯ ಒಟ್ಟು ಸಂಖ್ಯೆಯನ್ನು ವಾರ್ಷಿಕ ಅಂದಾಜಿಗೆ ಹೊಂದಿಸಿಯೇ ಕೊಟ್ಟಿರುತ್ತಾರೆ. ಆ ಸಾಲಿನ ದೋಷಮಿತಿಯ (ಅಂದಾಜು ಎಷ್ಟು ಆಚೀಚೆ ಇರಬಹುದು ಎಂದು ಹೇಳುವ ± ಸಂಖ್ಯೆಯ) ಜಾಗದಲ್ಲಿ ಐದು ನಕ್ಷತ್ರ ಕಾಣುವುದು ಅದಕ್ಕೇ.

ಇದರ ಎರಡು ರೂಪಗಳ ನಡುವೆ ಆಯ್ಕೆ ಹೀಗೆ. ಒಂದು ವರ್ಷದ ಅಂಕಿಗಳು 65,000 ಅಥವಾ ಹೆಚ್ಚು ಜನ ಇರುವ ಪ್ರದೇಶಗಳಿಗೆ ಮಾತ್ರ. ಅಂದರೆ ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಲ್ಲಿ ಕಾಲು ಭಾಗದಷ್ಟಕ್ಕೆ ಮಾತ್ರ ಸಿಗುತ್ತದೆ. 20,000 ದಾಟಿದ ಪ್ರದೇಶಗಳಿಗೆ ಒಂದಷ್ಟು ಸರಳ ಪಟ್ಟಿಗಳನ್ನು ಬೇರೆಯಾಗಿ ಕೊಡುತ್ತಾರೆ. ಐದು ವರ್ಷದ ಅಂಕಿಗಳು ಎಲ್ಲ ಕೌಂಟಿಗೂ, ಅದರೊಳಗಿನ ಟ್ರ್ಯಾಕ್ಟ್ (ಎಣಿಕೆಗೆಂದು ಮಾಡಿದ ಬಡಾವಣೆಯಷ್ಟು ಪ್ರದೇಶ), ಅದಕ್ಕಿಂತ ಸಣ್ಣ ಬ್ಲಾಕ್ ಗ್ರೂಪ್‌ವರೆಗೂ ಸಿಗುತ್ತವೆ.

ಸಾಂಟಾ ಕ್ಲಾರಾ ಕೌಂಟಿಗೆ ಒಟ್ಟಾಗಿ ಎರಡೂ ಇವೆ. ಅದರೊಳಗೆ ಸನ್ನಿವೇಲ್‌ಗೂ ಎರಡೂ ಸಿಗುತ್ತವೆ. ಆದರೆ ಕನ್ನಡದ ಮನೆಗಳು ಸಾಕಷ್ಟಿರುವ ಕೂಪರ್ಟಿನೊದ ಜನಸಂಖ್ಯೆ 2020ರಲ್ಲಿ 60,381. ಪೂರ್ಣ ಪ್ರಮಾಣದ ಒಂದು ವರ್ಷದ ಪಟ್ಟಿಗೆ ಅದು ಸಾಲದು. ಎರಡು ಊರುಗಳನ್ನು ಹೋಲಿಸುವಾಗ ಒಂದಕ್ಕೆ ಒಂದು ವರ್ಷದ ಅಂಕಿ, ಇನ್ನೊಂದಕ್ಕೆ ಐದು ವರ್ಷದ ಅಂಕಿ ಹಿಡಿಯಬಾರದು. ಸಣ್ಣದಕ್ಕೆ ಯಾವುದು ಸಿಗುತ್ತದೋ ದೊಡ್ಡದಕ್ಕೂ ಅದನ್ನೇ ತೆಗೆದುಕೊಳ್ಳಿ.

ಐದು ವರ್ಷದ ಅಂಕಿ ಯಾವುದೋ ಒಂದು ವರ್ಷದ ಚಿತ್ರ ಅಲ್ಲ. 2019–2023 ಎಂದರೆ ಆ 60 ತಿಂಗಳ ಒಟ್ಟು ಸರಾಸರಿ. ನಡುವಿನ 2021ರ ಸಂಖ್ಯೆ ಎಂದು ಓದಬಾರದು. ನಿಧಾನವಾಗಿ ಬದಲಾಗುವ ವಿಷಯಗಳಿಗೆ, ಉದಾಹರಣೆಗೆ ಪದವೀಧರರ ಪ್ರಮಾಣ, ಮನೆಮಾತು, ಇದು ಒಳ್ಳೆಯದು. ಮನೆಯಿಂದಲೇ ಕೆಲಸ ಮಾಡುವವರ ಪ್ರಮಾಣದಂಥ ವಿಷಯಕ್ಕೆ ಇದು ಆಗುವುದೇ ಇಲ್ಲ: ಕೋವಿಡ್‌ಗೆ ಮುಂಚಿನ ವರ್ಷ, ಬೀಗ ಬಿದ್ದ ವರ್ಷ, ಮತ್ತೆ ಕಚೇರಿ ತೆರೆದ ವರ್ಷ ಎಲ್ಲ ಒಂದರೊಳಗೊಂದು ಕಲಸಿಹೋಗಿ ಯಾವ ವರ್ಷಕ್ಕೂ ಹೊಂದದ ಸಂಖ್ಯೆ ಬರುತ್ತದೆ. ಅಂಥದ್ದಕ್ಕೆ ಒಂದು ವರ್ಷದ್ದೇ ಬೇಕು. 2020ರ ಒಂದು ವರ್ಷದ ಪಟ್ಟಿ ಮಾತ್ರ ಹುಡುಕಬೇಡಿ. ಉತ್ತರಿಸಿದವರು ತೀರ ಕಡಿಮೆಯಾದ್ದರಿಂದ ಎಂದಿನ ರೂಪದಲ್ಲಿ ಅದನ್ನು ಹೊರಡಿಸಲೇ ಇಲ್ಲ.

ಕಾಲದ ಹೋಲಿಕೆಗೆ ಒಂದರ ಮೇಲೊಂದು ಬೀಳದ ಅವಧಿಗಳನ್ನೇ ತೆಗೆದುಕೊಳ್ಳಿ: 2014–2018 ಮತ್ತು 2019–2023. 2018–2022ನ್ನು 2019–2023ರ ಜೊತೆ ಹೋಲಿಸಿದರೆ ನಾಲ್ಕು ವರ್ಷಗಳ ಮಾಹಿತಿ ಎರಡರಲ್ಲೂ ಅದೇ ಆಗಿರುತ್ತದೆ. ಡಾಲರ್ ಅಂಕಿಗಳು ಆಯಾ ಅವಧಿಯ ಕೊನೆಯ ವರ್ಷದ ಬೆಲೆಯಲ್ಲಿ ಇರುತ್ತವೆ. ಎರಡು ಅವಧಿಗಳ ಆದಾಯ ಹೋಲಿಸುವಾಗ ಹಳೆಯದನ್ನು ಬೆಲೆ ಸೂಚ್ಯಂಕದಿಂದ ಹೊಸ ಬೆಲೆಗೆ ತರಬೇಕು.

± ಪಕ್ಕದ ಸಂಖ್ಯೆಯನ್ನು ಬಿಟ್ಟು ಓದಿದರೆ

ಎಸಿಎಸ್‌ನ ಪ್ರತಿ ಅಂಕಿಯ ಜೊತೆ ಒಂದು ದೋಷಮಿತಿ ಇರುತ್ತದೆ, ಶೇ 90ರ ವಿಶ್ವಾಸ ಮಟ್ಟದ್ದು (ನೂರಕ್ಕೆ ಸುಮಾರು ತೊಂಬತ್ತು ಸಲ ನಿಜ ಸಂಖ್ಯೆ ಈ ± ಒಳಗೇ ಇರುತ್ತದೆ). ಕೌಂಟಿಯ ಬಗ್ಗೆ ಬರೆಯುವವರಲ್ಲಿ ಬಹುಪಾಲು ಜನ ಇದನ್ನು ಬಿಟ್ಟೇಬಿಡುತ್ತಾರೆ, ಎಡವಟ್ಟು ಆಗುವುದೂ ಇಲ್ಲಿಯೇ ಹೆಚ್ಚು. ಲೆಕ್ಕ ತೋರಿಸಲು ಒಂದು ಕಲ್ಪಿತ ಉದಾಹರಣೆ: ಒಂದು ಭಾಷೆ ಆಡುವವರು ಮೊದಲ ಅವಧಿಯಲ್ಲಿ 1,200 (± 480), ಎರಡನೆಯದರಲ್ಲಿ 1,700 (± 520) ಎಂದಿದೆ. ‘ಶೇ 42 ಏರಿಕೆ’ ಎಂದು ಶೀರ್ಷಿಕೆ ಕೊಡಲು ಕೈ ಹೋಗುತ್ತದೆ. ತಡೆದು, ಎರಡು ದೋಷಮಿತಿಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ: 480ರ ವರ್ಗ 2,30,400, 520ರ ವರ್ಗ 2,70,400, ಮೊತ್ತದ ವರ್ಗಮೂಲ ಸುಮಾರು 708. ವ್ಯತ್ಯಾಸ 500. ಅದು 708ಕ್ಕಿಂತ ಕಡಿಮೆ. ಅಂದರೆ ಏರಿದೆ ಎಂದು ಹೇಳಲು ಆಧಾರವಿಲ್ಲ.

ಒಂದೇ ಸಂಖ್ಯೆ ನಂಬಬಹುದೇ ಎಂದು ನೋಡಲು ದೋಷಮಿತಿಯನ್ನು 1.645ರಿಂದ ಭಾಗಿಸಿ, ಬಂದದ್ದನ್ನು ಅಂದಾಜಿನಿಂದ ಭಾಗಿಸಿ. ಮೇಲಿನ 1,200ಕ್ಕೆ ಸುಮಾರು ಶೇ 24 ಬರುತ್ತದೆ. ಶೇ 12ರ ಒಳಗಿದ್ದರೆ ಧೈರ್ಯವಾಗಿ ಬಳಸಬಹುದು, ಶೇ 30 ದಾಟಿದರೆ ವಾಕ್ಯದಲ್ಲಿ ಹಾಕಲೇಬಾರದು, ನಡುವೆ ಇದ್ದರೆ ದೋಷಮಿತಿಯ ಸಮೇತ ಬರೆಯಬೇಕು. ಈ ಗಡಿಗಳು ಕಾನೂನೇನಲ್ಲ, ಕೆಲಸ ಮಾಡುವವರಲ್ಲಿ ಬಳಕೆಗೆ ಬಂದ ರೂಢಿ. ದೋಷಮಿತಿ ವಿಪರೀತ ಇದ್ದರೆ ಪರಿಹಾರ ಎರಡು: ಪಕ್ಕಪಕ್ಕದ ಗುಂಪುಗಳನ್ನು ಸೇರಿಸುವುದು (5–9, 10–14 ವಯಸ್ಸನ್ನು ಒಂದಾಗಿಸುವುದು), ಇಲ್ಲವೇ ದೊಡ್ಡ ಪ್ರದೇಶಕ್ಕೆ ಹೋಗುವುದು.

ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಇದ್ದವರು 64 ಜನ. ಅಲ್ಲಿಗೂ ಐದು ವರ್ಷದ ಎಸಿಎಸ್ ಪಟ್ಟಿ ತೆರೆದುಕೊಳ್ಳುತ್ತದೆ. ಪಟ್ಟಿ ಇದೆ ಎಂದಮಾತ್ರಕ್ಕೆ ಅದರಲ್ಲಿ ಮಾಹಿತಿ ಇದೆ ಎಂದಲ್ಲ.

ಮಧ್ಯಮ ಆದಾಯದ (ಮೀಡಿಯನ್, ಅಂದರೆ ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವಿನ ಮನೆಯ ಆದಾಯ) ಕಾಲಂನಲ್ಲಿ ‘2,50,000+’ ಎಂದು ಕಂಡರೆ ಅದು ಸರಿಯಾದ ಸಂಖ್ಯೆಯಲ್ಲ, ಮಾಪನದ ತುದಿ. ಸಾಂಟಾ ಕ್ಲಾರಾದ ಸಿರಿವಂತ ಟ್ರ್ಯಾಕ್ಟ್‌ಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಇದನ್ನು ಸಂಖ್ಯೆ ಎಂದುಕೊಂಡು ಸರಾಸರಿ ಹಾಕಬೇಡಿ. ಇನ್ನೂ ಮುಖ್ಯವಾಗಿ, ಟ್ರ್ಯಾಕ್ಟ್‌ಗಳ ಮಧ್ಯಮ ಆದಾಯಗಳ ಸರಾಸರಿ ಕೌಂಟಿಯ ಮಧ್ಯಮ ಆದಾಯ ಆಗುವುದೇ ಇಲ್ಲ. ಕೌಂಟಿಯದ್ದು ಬೇಕಿದ್ದರೆ ಬಿ19013 (B19013) ಎಂಬ ಸಂಖ್ಯೆಯ ಎಸಿಎಸ್ ಪಟ್ಟಿಯಿಂದ ನೇರವಾಗಿ ತೆಗೆಯಿರಿ.

ಸಣ್ಣ ಕೌಂಟಿಯ ಬಡತನ: ಎಸಿಎಸ್‌ಗಿಂತ ಸೈಪ್

65,000ಕ್ಕಿಂತ ಕಡಿಮೆ ಜನರಿರುವ ಕೌಂಟಿಯಲ್ಲಿ ಇತ್ತೀಚಿನ ಒಂದೇ ವರ್ಷದ ಬಡತನದ ಪ್ರಮಾಣ ಬೇಕಿದ್ದರೆ ಬ್ಯೂರೋದ ಸೈಪ್ (SAIPE, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ನೋಡಿ. ಎಸಿಎಸ್ ಜೊತೆಗೆ ತೆರಿಗೆ ದಾಖಲೆ, ಆಹಾರ ನೆರವಿನ ದಾಖಲೆಗಳನ್ನೂ ಸೇರಿಸಿ ಮಾದರಿ ಕಟ್ಟಿ ಕೊಡುವ ಅಂದಾಜು ಅದು. ಎಲ್ಲ ಕೌಂಟಿಗೂ ಪ್ರತಿ ವರ್ಷ ಸಿಗುತ್ತದೆ. ಕೊಡುವುದು ಮಾತ್ರ ಕೆಲವೇ: ಎಲ್ಲ ವಯಸ್ಸಿನವರ ಬಡತನ, ಮಕ್ಕಳ ಬಡತನ, ಮನೆಗಳ ಮಧ್ಯಮ ಆದಾಯ. ಜನಾಂಗವಾರು ಇಲ್ಲ, ಟ್ರ್ಯಾಕ್ಟ್ ಮಟ್ಟದಲ್ಲಿ ಇಲ್ಲ. ಅವು ಬೇಕಿದ್ದರೆ ಐದು ವರ್ಷದ ಎಸಿಎಸ್‌ಗೇ ಮರಳಬೇಕು.

ಕಾಲೇಜು ಊರುಗಳಲ್ಲಿ ಇನ್ನೊಂದು ತೊಡಕು. ನ್ಯೂಯಾರ್ಕ್ ರಾಜ್ಯದ ಟಾಂಪ್ಕಿನ್ಸ್ ಕೌಂಟಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಇದೆ, 2020ರ ಜನಸಂಖ್ಯೆ 1,05,740. ಬಡತನದ ಲೆಕ್ಕದಲ್ಲಿ ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳನ್ನು ಸೇರಿಸುವುದಿಲ್ಲ, ಹೊರಗೆ ಬಾಡಿಗೆ ಮನೆಯಲ್ಲಿರುವವರನ್ನು ಸೇರಿಸುತ್ತಾರೆ. ಊರಿನಿಂದ ಅಪ್ಪ ಅಮ್ಮ ಫೀಸು, ಬಾಡಿಗೆ ಕಟ್ಟುತ್ತಿದ್ದರೂ ಆ ವಿದ್ಯಾರ್ಥಿಗೆ ತನ್ನದೇ ಆದಾಯ ಇಲ್ಲದ್ದರಿಂದ ಬಡವರ ಪಟ್ಟಿಗೆ ಸೇರುತ್ತಾನೆ. ಹಾಗಾಗಿ ಇಂಥ ಕೌಂಟಿಯ ಒಟ್ಟು ಬಡತನದ ಪ್ರಮಾಣ ನೋಡಿ ಗಾಬರಿಯಾಗುವುದು ಬೇಡ. ಮಕ್ಕಳ ಬಡತನವನ್ನೋ ಕುಟುಂಬಗಳ ಬಡತನವನ್ನೋ ಹೋಲಿಸಿ. ಬಿ14006 ಪಟ್ಟಿಯಲ್ಲಿ ಓದುತ್ತಿರುವವರು, ಓದುತ್ತಿಲ್ಲದವರು ಎಂದು ಬಡತನವನ್ನು ಬಿಡಿಸಿಯೇ ಕೊಟ್ಟಿದ್ದಾರೆ. ಪದವಿ ವಿದ್ಯಾರ್ಥಿಗಳನ್ನು ಕಳೆದು ನೋಡಿದರೆ ಊರಿನ ನಿಜವಾದ ಬಡತನ ಕಾಣುತ್ತದೆ.

ಸೆರೆಮನೆ ಇರುವ ಕೌಂಟಿಗಳದ್ದೂ ಇದೇ ಬಗೆಯ ಕಥೆ. ಕ್ಯಾಲಿಫೋರ್ನಿಯಾದ ಲಾಸೆನ್ ಕೌಂಟಿಯ 2020ರ ಜನಸಂಖ್ಯೆ 32,730. ಸೂಸನ್‌ವಿಲ್‌ನ ಸೆರೆಮನೆಗಳ ಕೈದಿಗಳೂ ಅದರಲ್ಲಿ ಸೇರಿದ್ದಾರೆ. ಅಲ್ಲಿ ಹೆಂಗಸರಿಗಿಂತ ಗಂಡಸರು ಎದ್ದು ಕಾಣುವಷ್ಟು ಹೆಚ್ಚಿರುವುದಕ್ಕೆ ಅದೇ ಕಾರಣ. ಅಲ್ಲಿನ ಎರಡು ದೊಡ್ಡ ಸೆರೆಮನೆಗಳಲ್ಲಿ ಒಂದು 2023ರಲ್ಲಿ ಮುಚ್ಚಿತು. ಆಮೇಲಿನ ಅಂಕಿಗಳಲ್ಲಿ ಜನ ಇಳಿದದ್ದು ಕಂಡರೆ ‘ಊರು ಖಾಲಿಯಾಗುತ್ತಿದೆ’ ಎನ್ನುವ ಮುಂಚೆ, ಸಾಮೂಹಿಕ ವಸತಿಯಲ್ಲಿರುವವರ ಸಾಲನ್ನು ತೆಗೆದು ಮನೆಗಳಲ್ಲಿರುವವರ ಸಂಖ್ಯೆಯನ್ನಷ್ಟೇ ನೋಡಿ. ಫ್ಲೋರಿಡಾದ ಸಮ್ಟರ್ ಕೌಂಟಿಯಲ್ಲಿ ನಿವೃತ್ತರ ದೊಡ್ಡ ಬಡಾವಣೆ ಇರುವುದರಿಂದ ಮಧ್ಯಮ ವಯಸ್ಸು (ಮೀಡಿಯನ್) 68ರ ಆಸುಪಾಸು. ಅಲ್ಲಿ ತಲಾ ಆದಾಯಕ್ಕಿಂತ ಆದಾಯದ ಮೂಲ ಯಾವುದು ಎಂಬುದೇ ಹೆಚ್ಚು ತಿಳಿಸುತ್ತದೆ: ಸಂಬಳವೋ, ಪಿಂಚಣಿಯೋ.

ಭಾರತೀಯರು ಎಷ್ಟು, ಕನ್ನಡಿಗರು ಎಷ್ಟು?

ಇದಕ್ಕೆ ಮೂರು ಪಟ್ಟಿಗಳಿವೆ, ಮೂರೂ ಬೇರೆ ಸಂಖ್ಯೆ ಕೊಡುತ್ತವೆ. ಬಿ02015ರಲ್ಲಿ ‘ಏಷ್ಯನ್ ಇಂಡಿಯನ್’ ಎಂದು ತಮ್ಮನ್ನು ತಾವೇ ಗುರುತಿಸಿಕೊಂಡವರು ಇದ್ದಾರೆ. ಸ್ಯಾನ್ ಹೋಸೆಯಲ್ಲೇ ಹುಟ್ಟಿದ ಮಗುವೂ, ಫಿಜಿಯಿಂದ ಬಂದ ಭಾರತ ಮೂಲದವರೂ ಇದರಲ್ಲಿ ಸೇರುತ್ತಾರೆ. ಬಿ05006ರಲ್ಲಿ ಭಾರತದಲ್ಲಿ ಹುಟ್ಟಿದವರು ಮಾತ್ರ. ಬಿ16001ರಲ್ಲಿ ಮನೆಯಲ್ಲಿ ಆಡುವ ಭಾಷೆ. ಸಮುದಾಯ ಎಷ್ಟು ದೊಡ್ಡದು ಎನ್ನಲು ಮೊದಲನೆಯದು, ಹೊಸದಾಗಿ ಬಂದವರಿಗೆ ನೆರವು ಯೋಜಿಸಲು ಎರಡನೆಯದು, ಭಾಷೆಯ ಕೆಲಸಕ್ಕೆ ಮೂರನೆಯದು. ‘ಏಷ್ಯನ್ ಇಂಡಿಯನ್’ ಎಂಬ ಆಯ್ಕೆ ಜನಗಣತಿಗೆ ಬಂದದ್ದು 1980ರಲ್ಲಿ. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕುತ್ತಿದ್ದರು. ಹಾಗಾಗಿ ಅದಕ್ಕೂ ಹಿಂದಿನ ಹೋಲಿಕೆ ಹುಟ್ಟಿದ ದೇಶದ ಮೂಲಕವೇ ಆಗಬೇಕು.

ಕನ್ನಡದ ವಿಷಯದಲ್ಲಿ ಸಿದ್ಧ ಪಟ್ಟಿ ಕೈಕೊಡುತ್ತದೆ. ಬಿ16001ರಲ್ಲಿ ತೆಲುಗಿಗೆ, ತಮಿಳಿಗೆ ಒಂದೊಂದು ಸಾಲಿದೆ. ಕನ್ನಡ ಇರುವುದು ಮಲಯಾಳ, ಕನ್ನಡ ಮತ್ತು ಇತರ ದ್ರಾವಿಡ ಭಾಷೆಗಳನ್ನು ಒಟ್ಟು ಸೇರಿಸಿದ ಸಾಲಿನಲ್ಲಿ. ಆ ಸಾಲಿನ ಸಂಖ್ಯೆಯನ್ನು ಕನ್ನಡಿಗರ ಸಂಖ್ಯೆ ಎಂದು ಹಂಚುವುದು ತಪ್ಪು, ಅದರಲ್ಲಿ ಮಲಯಾಳಿಗಳು ಬೇಕಾದಷ್ಟು ಇದ್ದಾರೆ. ಸಂಕ್ಷಿಪ್ತ ಪಟ್ಟಿಯಾದ ಸಿ16001ರಲ್ಲಂತೂ ದ್ರಾವಿಡ ಭಾಷೆಗಳೆಲ್ಲ ‘ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪ ಭಾಷೆಗಳು’ ಎಂಬ ಗುಂಪಿನೊಳಗೆ ಮುಳುಗಿಹೋಗಿವೆ.

ಕನ್ನಡವನ್ನೇ ಬೇರೆ ಮಾಡಿ ನೋಡಲು ದಾರಿ ಎಸಿಎಸ್ ಉತ್ತರಗಳ ಪಮ್ಸ್ (PUMS) ಎಂಬ ಕಡತ: ಹೆಸರು ವಿಳಾಸ ತೆಗೆದ, ಒಬ್ಬೊಬ್ಬರ ಉತ್ತರಗಳಿರುವ ಮಾದರಿ. ಅದರಲ್ಲಿ ಕನ್ನಡಕ್ಕೆ ತನ್ನದೇ ಭಾಷಾ ಸಂಕೇತ ಇದೆ. ಕೆಲಸದ ಕ್ರಮ ಹೀಗಿರಲಿ: ಐದು ವರ್ಷದ ಕಡತ ತೆಗೆಯಿರಿ, ಒಂದು ವರ್ಷದ್ದರಲ್ಲಿ ಸುಮಾರು ಶೇ 1 ಜನ ಮಾತ್ರ ಇರುವುದರಿಂದ ಕನ್ನಡದ ದಾಖಲೆಗಳು ಬೆರಳೆಣಿಕೆಗೆ ಇಳಿಯುತ್ತವೆ. ಕೌಂಟಿ ಎಂಬ ಕಾಲಂ ಅದರಲ್ಲಿ ಇರುವುದಿಲ್ಲ, ಇರುವುದು ‘ಪ್ಯೂಮಾ’, ಅಂದರೆ ಕನಿಷ್ಠ ಒಂದು ಲಕ್ಷ ಜನರ ಪ್ರದೇಶ. ಸಾಂಟಾ ಕ್ಲಾರಾದೊಳಗೆ ಹಲವು ಪ್ಯೂಮಾಗಳಿವೆ, ಅವನ್ನು ಕೂಡಿಸಿದರೆ ಕೌಂಟಿ ಬರುತ್ತದೆ. ಲಾಸೆನ್‌ನಂಥ ಸಣ್ಣ ಕೌಂಟಿ ನೆರೆಯವುಗಳ ಜೊತೆ ಸೇರಿ ಒಂದು ಪ್ಯೂಮಾ ಆಗಿರುತ್ತದೆ, ಅದನ್ನು ಬಿಡಿಸಲು ಬರುವುದಿಲ್ಲ. ಪ್ಯೂಮಾ ಸಂಖ್ಯೆ ರಾಜ್ಯದೊಳಗೆ ಮಾತ್ರ ವಿಶಿಷ್ಟ, ಆದ್ದರಿಂದ ರಾಜ್ಯದ ಕೋಡನ್ನೂ ಸೇರಿಸಿಯೇ ಸೋಸಬೇಕು. ಪ್ಯೂಮಾ ಗಡಿಗಳು 2022ರ ಸಮೀಕ್ಷೆಯಿಂದ ಬದಲಾಗಿವೆ. ಎರಡು ಬಗೆಯ ಗಡಿ ಇರುವ ಕಡತದಲ್ಲಿ ಎರಡೂ ಕಾಲಂ ನೋಡದಿದ್ದರೆ ಕೆಲವು ವರ್ಷಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಕೊನೆಗೆ ಸಾಲುಗಳನ್ನು ಎಣಿಸದೆ ವ್ಯಕ್ತಿಯ ತೂಕದ ಕಾಲಂ (ಆ ಒಬ್ಬರು ಎಷ್ಟು ಜನರ ಪ್ರತಿನಿಧಿ ಎಂಬ ಸಂಖ್ಯೆ) ಕೂಡಿಸಿ. ದೋಷಮಿತಿಗೆ ಜೊತೆಗಿರುವ 80 ಪರ್ಯಾಯ ತೂಕಗಳಿಂದ 80 ಸಲ ಅದೇ ಮೊತ್ತ ತೆಗೆದು, ಮೂಲ ಮೊತ್ತದಿಂದ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿ, 4/80ರಿಂದ ಗುಣಿಸಿ, ವರ್ಗಮೂಲ ತೆಗೆದು, 1.645ರಿಂದ ಗುಣಿಸಿ.

ಕನ್ನಡ ಶಾಲೆಯವರು ಗಮನಿಸಬೇಕಾದ ಒಂದು ಮಾತು. ಭಾಷೆಯ ಪ್ರಶ್ನೆ ಐದು ವರ್ಷ ತುಂಬಿದವರಿಗೆ ಮಾತ್ರ. ಮುಂದಿನ ವರ್ಷಗಳಲ್ಲಿ ಶಾಲೆಗೆ ಬರಬೇಕಾದ ಪುಟ್ಟ ಮಕ್ಕಳು ಈ ಲೆಕ್ಕದಲ್ಲೇ ಇಲ್ಲ. ಪಮ್ಸ್‌ನಲ್ಲಿ ಒಂದು ಮನೆಯವರೆಲ್ಲರಿಗೂ ಒಂದೇ ಕ್ರಮಸಂಖ್ಯೆ ಇರುತ್ತದೆ. ಕನ್ನಡ ಆಡುವ ಹಿರಿಯರಿರುವ ಮನೆಗಳ ಕ್ರಮಸಂಖ್ಯೆ ಹಿಡಿದು ಆ ಮನೆಗಳ ಐದರೊಳಗಿನ ಮಕ್ಕಳನ್ನು ಎಣಿಸಿದರೆ ಬೇಕಾದ ಸಂಖ್ಯೆ ಸಿಗುತ್ತದೆ. ಒಬ್ಬರಿಗೆ ಒಂದೇ ಭಾಷೆ ದಾಖಲಾಗುತ್ತದೆ ಎಂಬುದೂ ನೆನಪಿರಲಿ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂದವರು, ತುಳು ಎಂದೋ ಕೊಂಕಣಿ ಎಂದೋ ಬರೆದ ಕರಾವಳಿಯವರು ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ಭಾರತದ ಜನಗಣತಿ ಕೇಳುವುದು ಮಾತೃಭಾಷೆ, ಇಲ್ಲಿ ಕೇಳುವುದು ಮನೆಯಲ್ಲಿ ಆಡುವ ಮಾತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡಬೇಡಿ.

ಆರು ತಿಂಗಳಿಗೆಂದು ಬೆಂಗಳೂರಿನಿಂದ ಮಗಳ ಮನೆಗೆ ಬಂದ ಅಜ್ಜಿ ತಾತ ಎಲ್ಲಿ ಸೇರುತ್ತಾರೆ? ಜನಗಣತಿ ಸಾಮಾನ್ಯವಾಗಿ ಎಲ್ಲಿ ವಾಸ ಎಂದು ನೋಡುತ್ತದೆ, ಭೇಟಿಗೆ ಬಂದವರನ್ನು ಬಿಡುತ್ತದೆ. ಎಸಿಎಸ್‌ನದು ಎರಡು ತಿಂಗಳ ನಿಯಮ: ಅದಕ್ಕಿಂತ ಹೆಚ್ಚು ಕಾಲ ಆ ಮನೆಯಲ್ಲಿ ಇರುವವರನ್ನು ಸೇರಿಸುತ್ತದೆ. ಭಾರತೀಯರು ಹೆಚ್ಚಿರುವ ಕೌಂಟಿಗಳಲ್ಲಿ ಹಿರಿಯರ ಸಂಖ್ಯೆ, ಇಂಗ್ಲಿಷ್ ಚೆನ್ನಾಗಿ ಬಾರದವರ ಸಂಖ್ಯೆ ನೋಡುವಾಗ ಈ ವ್ಯತ್ಯಾಸ ನೆನಪಿರಬೇಕು.

ಹತ್ತು ವರ್ಷದ ಹೋಲಿಕೆಯಲ್ಲಿ ಜನಾಂಗ, ಗಡಿ ಮತ್ತು ಎಕ್ಸೆಲ್

2010ರಲ್ಲಿ ಎರಡು ಅಥವಾ ಹೆಚ್ಚು ಜನಾಂಗ ಎಂದವರು ದೇಶದಲ್ಲಿ 90 ಲಕ್ಷ. 2020ರಲ್ಲಿ 3.38 ಕೋಟಿ, ಶೇ 276 ಏರಿಕೆ. ಇದರಲ್ಲಿ ದೊಡ್ಡ ಪಾಲು ಪ್ರಶ್ನೆಯ ವಿನ್ಯಾಸವನ್ನೂ ಉತ್ತರಗಳನ್ನು ಸಂಕೇತಿಸುವ ರೀತಿಯನ್ನೂ ಬದಲಿಸಿದ್ದರಿಂದ ಬಂದದ್ದು. ‘ಬಿಳಿಯರು ಮಾತ್ರ’ ಎಂಬ ಸಾಲು ಯಾವುದೇ ಕೌಂಟಿಯಲ್ಲಿ ಕುಸಿದಂತೆ ಕಂಡರೆ ಅಷ್ಟಕ್ಕೇ ನಿರ್ಣಯಕ್ಕೆ ಬರಬೇಡಿ. ‘ಒಂಟಿಯಾಗಿ ಅಥವಾ ಬೇರೆಯದರ ಜೊತೆ’ ಎಂಬ ಸಾಲನ್ನೂ ಪಕ್ಕದಲ್ಲಿಡಿ.

ಅವಸರಕ್ಕೆ ಬ್ಯೂರೋದ ಕ್ವಿಕ್‌ಫ್ಯಾಕ್ಟ್ಸ್ ಪುಟ ಸಾಕು. ಆದರೆ ಅದರ ಒಂದು ಸಾಲು ವಾರ್ಷಿಕ ಅಂದಾಜಿನದು, ಮುಂದಿನದು ಐದು ವರ್ಷದ ಎಸಿಎಸ್‌ನದು. ಒಂದು ಸಾಲನ್ನು ಇನ್ನೊಂದರಿಂದ ಭಾಗಿಸಿ ಹೊಸ ಪ್ರಮಾಣ ತೆಗೆಯಬೇಡಿ. ಸ್ವಂತ ಲೆಕ್ಕಕ್ಕೆ ಬ್ಯೂರೋದ ದತ್ತಾಂಶ ತಾಣದಿಂದ ಪೂರ್ಣ ಪಟ್ಟಿಯನ್ನೇ ಇಳಿಸಿಕೊಳ್ಳಿ: ಸಾಮಾಜಿಕ ವಿವರಕ್ಕೆ ಡಿಪಿ02, ಆರ್ಥಿಕಕ್ಕೆ ಡಿಪಿ03, ಮನೆಗಳಿಗೆ ಡಿಪಿ04, ವಯಸ್ಸು ಮತ್ತು ಜನಾಂಗಕ್ಕೆ ಡಿಪಿ05. ಎಕ್ಸೆಲ್‌ನಲ್ಲಿ ತೆರೆಯುವಾಗ ಕೌಂಟಿ ಕೋಡಿನ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ಸಾಂಟಾ ಕ್ಲಾರಾದ ಕೋಡ್ 06085. ಹಾಗೇ ತೆರೆದರೆ ಮುಂದಿನ ಸೊನ್ನೆ ಹಾರಿ 6085 ಆಗುತ್ತದೆ, ನಕ್ಷೆಗೆ ಜೋಡಿಸುವಾಗ ಕ್ಯಾಲಿಫೋರ್ನಿಯಾ ಪೂರ್ತಿ ಕಾಣೆಯಾಗುತ್ತದೆ.

ಕನೆಕ್ಟಿಕಟ್ ರಾಜ್ಯಕ್ಕೆ ಹೋಗುವವರಿಗೆ ಬೇರೆಯೇ ಕೆಲಸ ಕಾದಿದೆ. ಅಲ್ಲಿನ 8 ಕೌಂಟಿಗಳ ಬದಲು 9 ಯೋಜನಾ ಪ್ರದೇಶಗಳನ್ನು ಬ್ಯೂರೋ ಒಪ್ಪಿಕೊಂಡಿದೆ, 2022ರ ಎಸಿಎಸ್‌ನಿಂದ ಹೊಸ ಗಡಿಗಳಲ್ಲೇ ಅಂಕಿ ಬರುತ್ತಿದೆ, ಕೋಡ್‌ಗಳೂ ಹೊಸವು. ಫೇರ್‌ಫೀಲ್ಡ್ ಕೌಂಟಿಯ ಹಳೆಯ ಸರಣಿ ಮುಂದುವರಿಸಬೇಕಿದ್ದರೆ ಅದರ 23 ಟೌನ್‌ಗಳ ಅಂಕಿಗಳನ್ನು ಐದು ವರ್ಷದ ಎಸಿಎಸ್‌ನಿಂದ ತೆಗೆದು ಕೂಡಿಸಿ, ದೋಷಮಿತಿಗಳನ್ನು ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಿರಿ. ಜನರ ಎಣಿಕೆಗಳು ಹೀಗೆ ಮತ್ತೆ ಕಟ್ಟಲು ಬರುತ್ತವೆ. ಮಧ್ಯಮ ವಯಸ್ಸು, ಮಧ್ಯಮ ಆದಾಯ ಬರುವುದಿಲ್ಲ. ಅವಕ್ಕೆ ವಯೋಗುಂಪು, ಆದಾಯ ಗುಂಪುಗಳ ಎಣಿಕೆಗಳನ್ನು ಕೂಡಿಸಿ, ನಡುವಿನ ವ್ಯಕ್ತಿ ಯಾವ ಗುಂಪಿನಲ್ಲಿ ಬೀಳುತ್ತಾರೆ ಎಂದು ನೋಡಿ ಅಂದಾಜು ಮಾಡಬೇಕು, ಅದು ಅಂದಾಜು ಎಂದು ಪಟ್ಟಿಯ ಕೆಳಗೆ ಬರೆಯಲೂಬೇಕು.